ಸಮುದಾಯದ ಜೊತೆಗೂಡಿ ಅಂತರಶಿಸ್ತೀಯ ಸಂಶೋಧನೆ: ಅನುದಾನ ಪಡೆಯುವ ಸಮಗ್ರ ಮಾರ್ಗದರ್ಶಿ

ವಿಶ್ವವಿದ್ಯಾಲಯದ ಎರಡು ಮೂರು ವಿಭಾಗಗಳು ಕೈಜೋಡಿಸಿ, ಹೊರಗಿನ ಒಂದು ಸಮುದಾಯ ಸಂಘಟನೆಯನ್ನೂ ಸೇರಿಸಿಕೊಂಡು ಬರೆಯುವ ಪ್ರಸ್ತಾವಗಳಲ್ಲಿ ‘ಸಹಭಾಗಿತ್ವ’ ಎಂಬ ಮಾತು ಮೊದಲ ಪುಟದಲ್ಲೇ ಬಂದುಬಿಡುತ್ತದೆ. ಆ ಮಾತಿಗೆ ಎಷ್ಟು ತೂಕವಿದೆ ಎಂದು ತಿಳಿಯಲು ನಾನು ಮೊದಲು ತೆರೆಯುವುದು ಬಜೆಟ್ ಪುಟವನ್ನು. ಸಮುದಾಯದವರು ಎಷ್ಟು ಗಂಟೆ ದುಡಿಯುತ್ತಾರೆ? ಅದಕ್ಕೆ ಹಣ ಇಟ್ಟಿದ್ದಾರೆಯೇ? ಆ ಹಣ ಯಾರ ಖಾತೆಗೆ, ಯಾವಾಗ ಬರುತ್ತದೆ? ಖರ್ಚಿನ ತೀರ್ಮಾನ ಯಾರದು? ಇವಕ್ಕೆ ಬಜೆಟ್‌ನಲ್ಲಿ ಉತ್ತರ ಇಲ್ಲದಿದ್ದರೆ, ಉಳಿದ ಪುಟಗಳು ಎಷ್ಟೇ ಚೆನ್ನಾಗಿರಲಿ, ಸಮುದಾಯದವರನ್ನು ಕರೆದಿರುವುದು ಮಾಹಿತಿ ಕೊಡಲಿಕ್ಕೆ ಮಾತ್ರ.

ಹೀಗಾಗಿ ಈ ಬರಹದಲ್ಲಿ ಅರ್ಜಿಯ ಭಾಷೆಗಿಂತ ಹಣದ ಏರ್ಪಾಟಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೊದಲ ಬಾರಿಗೆ ಇಂಥ ಪ್ರಸ್ತಾವ ಬರೆಯುತ್ತಿರುವ ಅಧ್ಯಾಪಕರನ್ನೂ, ‘ನಿಮ್ಮ ಸಂಘಟನೆಯ ಹೆಸರು ಸೇರಿಸಿಕೊಳ್ಳಬಹುದೇ’ ಎಂದು ವಿಶ್ವವಿದ್ಯಾಲಯದಿಂದ ಕರೆ ಬಂದಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಲ್ಪಿತ ಯೋಜನೆಯನ್ನು ಜೊತೆಗೆ ಇಟ್ಟುಕೊಳ್ಳೋಣ. ಬಿಸಿಲಿನ ತಿಂಗಳುಗಳಲ್ಲಿ ಕೆಲವು ಬಾಡಿಗೆ ಮನೆಗಳು ಒಳಗೆ ಇರಲಾಗದಷ್ಟು ಕಾಯುತ್ತವೆ. ಕಟ್ಟಡ ತಂತ್ರಜ್ಞಾನ, ಸಾರ್ವಜನಿಕ ಆರೋಗ್ಯ ಮತ್ತು ಕಾನೂನು ವಿಭಾಗಗಳವರು ಒಂದು ಬಾಡಿಗೆದಾರರ ಸಂಘದ ಜೊತೆ ಸೇರಿ ಇದನ್ನು ಮೂರು ವರ್ಷ ಅಧ್ಯಯನ ಮಾಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ.

ಹೆಜ್ಜೆ 1: ಅರ್ಜಿ ಕರೆಯುವ ಮೊದಲೇ ಸಂಬಂಧ

ಅನುದಾನ ಸಂಸ್ಥೆ ಅರ್ಜಿ ಕರೆದ ದಿನಕ್ಕೂ ಕೊನೆಯ ದಿನಾಂಕಕ್ಕೂ ನಡುವೆ ಸಾಮಾನ್ಯವಾಗಿ ಸಿಗುವುದು ಕೆಲವು ವಾರ. ಅಷ್ಟರಲ್ಲಿ ಪ್ರಸ್ತಾವ ಬರೆದು ಮುಗಿಸಬಹುದು, ನಂಬಿಕೆ ಗಳಿಸಲಾಗುವುದಿಲ್ಲ. ಕೊನೆಯ ವಾರದಲ್ಲಿ ಫೋನ್ ಮಾಡಿ ‘ಒಂದು ಬೆಂಬಲ ಪತ್ರ ಬೇಕಿತ್ತು’ ಎಂದು ಕೇಳಿದರೆ ಸಂಘಟನೆ ಸೌಜನ್ಯಕ್ಕೆ ಕೊಟ್ಟೀತು. ಹಣ ಬಂದ ಮೇಲೆ ಮೊದಲ ಭಿನ್ನಾಭಿಪ್ರಾಯದಲ್ಲೇ ಆ ಪತ್ರದ ಟೊಳ್ಳುತನ ಬಯಲಾಗುತ್ತದೆ.

ಆಹ್ವಾನ ಬರುವುದಕ್ಕೆ ಕನಿಷ್ಠ ಆರು ತಿಂಗಳು ಮೊದಲೇ ಕೆಲಸ ಶುರುವಾಗಿರಲಿ. ಸಂಘದವರ ಸಭೆಗೆ ಹೋಗಿ ಕುಳಿತು ಕೇಳಿಸಿಕೊಳ್ಳಿ. ಈ ಹಿಂದೆ ಯಾವ ಸಂಶೋಧಕರು ಬಂದಿದ್ದರು, ಅವರು ಏನು ತೆಗೆದುಕೊಂಡು ಹೋದರು, ಏನು ವಾಪಸ್ ತಂದುಕೊಟ್ಟರು ಎಂದು ವಿಚಾರಿಸಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ನೀವು ಮುಂದೆ ಏನೆಲ್ಲ ಮಾಡಬಾರದು ಎಂಬುದರ ಅರ್ಧ ಪಟ್ಟಿ ಸಿದ್ಧವಾಗುತ್ತದೆ. ಅನುದಾನವಿಲ್ಲದೆಯೇ ಮಾಡಬಹುದಾದ ಸಣ್ಣ ಕೆಲಸ ಯಾವುದಾದರೂ ಇದ್ದರೆ ಮಾಡಿಕೊಡಿ. ಸರ್ಕಾರಿ ಅಂಕಿಅಂಶ ಹುಡುಕಿ ಸರಳವಾಗಿ ಬಿಡಿಸಿ ಹೇಳುವುದು, ಒಂದು ಕಾನೂನು ವರದಿಯನ್ನು ಓದಿ ತಿಳಿಸುವುದು, ಇಷ್ಟಾದರೂ ಸಾಕು.

ಇಲ್ಲೇ ಇತ್ಯರ್ಥವಾಗಬೇಕಾದ ಇನ್ನೊಂದು ವಿಷಯ: ‘ಸಮುದಾಯ’ ಎಂದರೆ ಯಾರು? ಕಚೇರಿ, ಲೆಟರ್‌ಹೆಡ್, ಇಮೇಲ್ ಇರುವ ಸಂಘಟನೆ ಸುಲಭವಾಗಿ ಸಿಗುತ್ತದೆ. ಆದರೆ ಸಂಘವೇ ಸಮುದಾಯವಲ್ಲ. ಪದಾಧಿಕಾರಿಗಳನ್ನು ಆರಿಸಿದವರು ಯಾರು? ಸಂಘಕ್ಕೆ ಸೇರದ ಬಾಡಿಗೆದಾರರು ಎಷ್ಟು ಮಂದಿ ಇರಬಹುದು? ಕರಾರುಪತ್ರವೇ ಇಲ್ಲದೆ ವಾಸಿಸುವವರು, ಒಂಟಿ ವೃದ್ಧರು, ರಾತ್ರಿ ಪಾಳಿಯಲ್ಲಿ ದುಡಿದು ಹಗಲು ಮಲಗುವವರು ಯಾವ ಸಭೆಗೂ ಬಂದಿರುವುದಿಲ್ಲ. ಅವರನ್ನು ತಲುಪುವ ದಾರಿ ಸಂಘದವರಿಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಪರಿಶೀಲಕರು ಈ ಪ್ರಶ್ನೆ ಎತ್ತುವ ಮೊದಲು ನೀವಿಬ್ಬರೂ ಅದನ್ನು ಮಾತಾಡಿ ಮುಗಿಸಿರಬೇಕು.

ಸಂಶೋಧನೆಯ ಪ್ರಶ್ನೆಯನ್ನು ಅರೆ ತೆರೆದಿಟ್ಟುಕೊಂಡೇ ಹೋಗಿ. ನೆದರ್‌ಲ್ಯಾಂಡ್ಸ್‌ನಲ್ಲಿ 1970ರ ದಶಕದಲ್ಲಿ ಹುಟ್ಟಿದ ‘ಸೈನ್ಸ್ ಶಾಪ್’ಗಳು ಈ ಕ್ರಮವನ್ನೇ ತಿರುವುಮುರುವು ಮಾಡಿದವು. ನಾಗರಿಕ ಗುಂಪುಗಳು ತಮ್ಮ ಪ್ರಶ್ನೆ ಹಿಡಿದುಕೊಂಡು ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದವು, ವಿದ್ಯಾರ್ಥಿಗಳೂ ಅಧ್ಯಾಪಕರೂ ಅದಕ್ಕೆ ಉತ್ತರ ಹುಡುಕುತ್ತಿದ್ದರು. ನಮ್ಮ ಉದಾಹರಣೆಯಲ್ಲಿ ತಂತ್ರಜ್ಞರು ಮಧ್ಯಾಹ್ನದ ಗರಿಷ್ಠ ತಾಪಮಾನ ಅಳೆಯಲು ಬಂದಿರುತ್ತಾರೆ. ಬಾಡಿಗೆದಾರರಿಗೋ ರಾತ್ರಿ ನಿದ್ದೆ ಬಾರದಿರುವುದೇ ದೊಡ್ಡ ಕಷ್ಟ. ಗೋಡೆಗಳು ಹಗಲು ಹೀರಿದ ಬಿಸಿಯನ್ನು ರಾತ್ರಿ ಹೊರಬಿಡುತ್ತವೆ. ಅಲ್ಲಿಗೆ ಯಾವ ಹೊತ್ತು ಅಳೆಯಬೇಕು, ಆರೋಗ್ಯದ ಯಾವ ಲಕ್ಷಣ ದಾಖಲಿಸಬೇಕು ಎಂಬುದೆಲ್ಲ ಬದಲಾಗುತ್ತದೆ. ಪ್ರಶ್ನೆಯನ್ನು ಹೀಗೆ ಬದಲಿಸಲು ನೀವು ಸಿದ್ಧರಿಲ್ಲದಿದ್ದರೆ ಸಹಭಾಗಿತ್ವದ ಅನುದಾನಕ್ಕೆ ಹೋಗಬೇಡಿ. ಮಾಹಿತಿ ಸಂಗ್ರಹಕ್ಕೆ ಸಂಘದ ಸಹಾಯವನ್ನು ಸರಿಯಾದ ದರ ಕೊಟ್ಟು ಪಡೆಯಿರಿ. ಅದೂ ಗೌರವದ ವ್ಯವಹಾರವೇ.

ಹೆಜ್ಜೆ 2: ಯಾವ ಹಂತಕ್ಕೆ ಯಾವ ಹಣ

ಒಬ್ಬರನ್ನೊಬ್ಬರು ಅರಿಯುವ ಹಂತಕ್ಕೆ ಸಣ್ಣ ಹಣ, ಒಟ್ಟಿಗೆ ಕೆಲಸ ಮಾಡಿ ನೋಡುವ ಹಂತಕ್ಕೆ ಮಧ್ಯಮ ಗಾತ್ರದ್ದು, ನಾಲ್ಕಾರು ವರ್ಷದ ಕೆಲಸಕ್ಕೆ ದೊಡ್ಡದು. ಈ ಮೂರನ್ನೂ ಬೇರೆ ಬೇರೆಯಾಗಿ ಕಲ್ಪಿಸಿಕೊಂಡ ಒಳ್ಳೆಯ ಮಾದರಿ ಕೆನಡಾದ ಸಮಾಜವಿಜ್ಞಾನ ಮತ್ತು ಮಾನವಿಕ ಸಂಶೋಧನಾ ಮಂಡಳಿಯದು. ಅದರ ‘ಪಾರ್ಟ್‌ನರ್‌ಶಿಪ್ ಎಂಗೇಜ್’ ಅನುದಾನ 7,000ದಿಂದ 25,000 ಕೆನಡಿಯನ್ ಡಾಲರ್‌ವರೆಗಿನದು, ಒಂದು ವರ್ಷದ್ದು, ವಿಶ್ವವಿದ್ಯಾಲಯದ ಹೊರಗಿನ ಒಂದೇ ಒಂದು ಸಂಘಟನೆಯ ಜೊತೆಗಿನ ಕೆಲಸಕ್ಕೆ. ಅದರ ಮೇಲಿನ ‘ಡೆವಲಪ್‌ಮೆಂಟ್’ ಅನುದಾನ 75,000ದಿಂದ 2 ಲಕ್ಷ ಡಾಲರ್, ಒಂದರಿಂದ ಮೂರು ವರ್ಷ. ಎಲ್ಲಕ್ಕೂ ಮೇಲಿನದು 25 ಲಕ್ಷ ಡಾಲರ್‌ವರೆಗೆ, ನಾಲ್ಕರಿಂದ ಏಳು ವರ್ಷ. ಈ ದೊಡ್ಡ ಅನುದಾನಕ್ಕೆ ಮೊದಲು ಆಶಯ ಪತ್ರ ಸಲ್ಲಿಸಬೇಕು, ಅದು ಒಪ್ಪಿಗೆಯಾದರೆ ಪೂರ್ಣ ಅರ್ಜಿ.

ನಿಮ್ಮ ದೇಶದಲ್ಲಿ ಇಂಥ ಏಣಿ ಒಂದೇ ಸಂಸ್ಥೆಯಲ್ಲಿ ಇಲ್ಲದಿದ್ದರೂ ನೀವೇ ಜೋಡಿಸಿಕೊಳ್ಳಬಹುದು. ವಿಶ್ವವಿದ್ಯಾಲಯದ ಒಳಗಿನ ಬೀಜಧನ (ಕೆಲಸ ಶುರುಮಾಡಲು ಕೊಡುವ ಸಣ್ಣ ಹಣ), ಒಂದು ಖಾಸಗಿ ಪ್ರತಿಷ್ಠಾನದ ಸಣ್ಣ ಅನುದಾನ, ಆಮೇಲೆ ರಾಷ್ಟ್ರೀಯ ಮಂಡಳಿ ಅಥವಾ ಯುರೋಪಿನ ‘ಹೊರೈಜನ್ ಯುರೋಪ್’ನಂತಹ ಬಹುದೇಶೀಯ ಕಾರ್ಯಕ್ರಮ. ಮೊದಲ ಮೆಟ್ಟಿಲನ್ನು ಹಾರಿ ನೇರ ಮೂರನೆಯದಕ್ಕೆ ಹೋಗುವ ತಂಡಗಳನ್ನು ಕಂಡರೆ ನನಗೆ ಕಳವಳವಾಗುತ್ತದೆ. ಒಟ್ಟಿಗೆ ಒಂದು ಸಣ್ಣ ಖರ್ಚಿನ ಲೆಕ್ಕವನ್ನೂ ನಿಭಾಯಿಸದವರು ದೊಡ್ಡ ಮೊತ್ತವನ್ನು ಹಂಚಿಕೊಳ್ಳಲು ಕುಳಿತಿರುತ್ತಾರೆ.

ಆರೋಗ್ಯ ಕ್ಷೇತ್ರದವರು ಗಮನಿಸಬೇಕಾದ ಒಂದು ಸಂಗತಿ ಇದೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯಿಂದ ಹುಟ್ಟಿದ ‘ಪೇಷೆಂಟ್ ಸೆಂಟರ್ಡ್ ಔಟ್‌ಕಮ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್’ನಲ್ಲಿ ಅರ್ಜಿಗಳನ್ನು ವಿಜ್ಞಾನಿಗಳ ಜೊತೆ ರೋಗಿಗಳೂ ಸಂಬಂಧಪಟ್ಟ ಇತರರೂ ಕೂತು ಪರಿಶೀಲಿಸುತ್ತಾರೆ. ನಿಮ್ಮ ಅರ್ಜಿಯನ್ನು ಓದುವವರು ಯಾರು ಎಂದು ಮೊದಲೇ ತಿಳಿದುಕೊಂಡರೆ ಹೇಗೆ ಬರೆಯಬೇಕೆಂಬುದೂ ತಿಳಿಯುತ್ತದೆ.

ಹೆಜ್ಜೆ 3: ಆಹ್ವಾನವನ್ನು ಲೆಕ್ಕಪತ್ರದ ಕಣ್ಣಿನಿಂದ ಓದಿ

ಸಂಶೋಧಕರು ಸಾಮಾನ್ಯವಾಗಿ ಆಹ್ವಾನದ ವಿಷಯ ವಿವರಣೆಯನ್ನು ಎರಡು ಸಲ ಓದುತ್ತಾರೆ, ಹಣಕಾಸಿನ ಷರತ್ತುಗಳನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಸಮುದಾಯದ ಜೊತೆಗಿನ ಕೆಲಸದಲ್ಲಿ ಷರತ್ತುಗಳೇ ಮೊದಲು. ಇವಿಷ್ಟಕ್ಕೆ ಉತ್ತರ ಹುಡುಕಿ:

- ವಿಶ್ವವಿದ್ಯಾಲಯವಲ್ಲದ ಸಂಘಟನೆ ಸಹ ಅರ್ಜಿದಾರ ಆಗಬಹುದೇ, ಅಥವಾ ಹೆಸರಿಗೆ ಮಾತ್ರ ಪಾಲುದಾರವೇ?
- ಹಣವನ್ನು ಆ ಸಂಘಟನೆಗೆ ಉಪ ಅನುದಾನವಾಗಿ ವರ್ಗಾಯಿಸಬಹುದೇ?
- ಸಂಘಟನೆಯ ನೌಕರರ ಸಂಬಳ, ಬಾಡಿಗೆ, ವಿದ್ಯುತ್ ಖರ್ಚಿಗೆ ಅನುಮತಿ ಇದೆಯೇ?
- ಹಣ ಮುಂಗಡವಾಗಿ ಬರುತ್ತದೆಯೇ, ಖರ್ಚು ಮಾಡಿ ರಸೀದಿ ಕೊಟ್ಟ ಮೇಲೆ ಬರುತ್ತದೆಯೇ?
- ಪಾಲುದಾರರೂ ತಮ್ಮ ಕಡೆಯಿಂದ ಹಣ ಅಥವಾ ಶ್ರಮದ ಪಾಲು ಹಾಕಬೇಕೇ? ಎಷ್ಟು?
- ದತ್ತಾಂಶವನ್ನು ಸಾರ್ವಜನಿಕವಾಗಿ ಇಡಲೇಬೇಕೆಂಬ ನಿಯಮ ಇದೆಯೇ?

ಹಣ ಗಡಿ ದಾಟಿ ಬರುವುದಾದರೆ ಆಯಾ ದೇಶದ ಕಾನೂನನ್ನೂ ನೋಡಬೇಕು. ಉದಾಹರಣೆಗೆ, ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯನ್ನೂ ಶೇ 50ರಿಂದ ಶೇ 20ಕ್ಕೆ ಇಳಿಸಲಾಗಿದೆ. ಇದನ್ನು ತಿಳಿಯದೆ ಉಪ ಅನುದಾನದ ಮೇಲೆ ಇಡೀ ಯೋಜನೆ ಕಟ್ಟಿದರೆ ಮಂಜೂರಾದ ಹಣವೂ ಕೈಗೆ ಬಾರದು.

ಸಂದೇಹ ಉಳಿದರೆ ಅನುದಾನ ಸಂಸ್ಥೆಯ ಅಧಿಕಾರಿಗೆ ನೇರವಾಗಿ ಬರೆದು ಕೇಳಿ. ಎಷ್ಟೋ ಜನ ಸಂಕೋಚದಿಂದ ಕೇಳುವುದೇ ಇಲ್ಲ. ಪ್ರಶ್ನೆಗೆ ಉತ್ತರಿಸುವುದು ಅವರ ಕೆಲಸದ ಭಾಗ, ಬರವಣಿಗೆಯಲ್ಲಿ ಬಂದ ಉತ್ತರ ಮುಂದೆ ನಿಮಗೇ ಆಧಾರ.

ಹೆಜ್ಜೆ 4: ಜ್ಞಾನಶಿಸ್ತುಗಳು ಎಲ್ಲಿ ಸಂಧಿಸುತ್ತವೆ ಎಂದು ತೋರಿಸಿ

ಆಸ್ಟ್ರೇಲಿಯಾದ ರಾಷ್ಟ್ರೀಯ ಸಂಶೋಧನಾ ಮಂಡಳಿಗೆ ಐದು ವರ್ಷಗಳಲ್ಲಿ ಬಂದ 18,000ಕ್ಕೂ ಹೆಚ್ಚು ಅರ್ಜಿಗಳನ್ನು ವಿಶ್ಲೇಷಿಸಿದ ಒಂದು ಅಧ್ಯಯನ 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅರ್ಜಿ ಎಷ್ಟು ಹೆಚ್ಚು ಅಂತರಶಿಸ್ತೀಯವೋ ಅನುದಾನ ಸಿಗುವ ಸಾಧ್ಯತೆ ಅಷ್ಟು ಕಡಿಮೆ ಎಂದು ಅದು ಕಂಡುಕೊಂಡಿತು. ಇದರ ಹಿಂದೆ ನಾನು ಊಹಿಸುವ ಕಾರಣ ಸರಳ. ಪರಿಶೀಲಕರಲ್ಲಿ ಕಟ್ಟಡ ತಜ್ಞರಿಗೆ ಪ್ರಸ್ತಾವದ ಕಾನೂನು ಭಾಗ ಅನಗತ್ಯವೆನಿಸುತ್ತದೆ, ಕಾನೂನಿನವರಿಗೆ ಮಾಪನದ ಭಾಗ. ಇಬ್ಬರೂ ತಮ್ಮ ಭಾಗ ತೆಳುವಾಗಿದೆ ಎಂದು ಅಂಕ ಕಳೆಯುತ್ತಾರೆ.

ಇದಕ್ಕೆ ಮದ್ದು ಎಂದರೆ ‘ನಮ್ಮಲ್ಲಿ ಮೂರು ವಿಭಾಗಗಳಿವೆ’ ಎನ್ನುವುದನ್ನು ಬಿಟ್ಟು, ಒಂದು ವಿಭಾಗದ ಫಲಿತ ಇನ್ನೊಂದು ವಿಭಾಗದ ಕೈಗೆ ಯಾವ ತಿಂಗಳಲ್ಲಿ, ಯಾವ ರೂಪದಲ್ಲಿ ತಲುಪುತ್ತದೆ ಎಂದು ಬರೆಯುವುದು. ಕೋಣೆಯ ರಾತ್ರಿ ತಾಪಮಾನದ ದಾಖಲೆ ಮೊದಲ ವರ್ಷದ ಕೊನೆಗೆ ಆರೋಗ್ಯ ತಂಡಕ್ಕೆ ಹೋಗುತ್ತದೆ. ಅವರು ಅದನ್ನು ನಿದ್ದೆಯ ದಿನಚರಿಯ ಜೊತೆ ಹೊಂದಿಸುತ್ತಾರೆ. ನಿದ್ದೆ ಕೆಡಲು ತೊಡಗುವ ತಾಪಮಾನದ ಮಟ್ಟ ಕಾನೂನು ತಂಡಕ್ಕೆ ಸಿಗುತ್ತದೆ. ‘ವಾಸಯೋಗ್ಯ’ ಮನೆಯ ಕಾನೂನು ವ್ಯಾಖ್ಯೆಯಲ್ಲಿ ಆ ಮಟ್ಟವನ್ನು ಸೇರಿಸಬಹುದೇ ಎಂದು ಅವರು ನೋಡುತ್ತಾರೆ. ಇಲ್ಲಿ ಒಂದು ಕೊಂಡಿ ಕಳಚಿದರೂ ಸರಪಳಿಯೇ ತುಂಡಾಗುತ್ತದೆ. ಆಗ ಯಾವ ವಿಭಾಗವೂ ಅಲಂಕಾರಕ್ಕೆ ಬಂದಂತೆ ಕಾಣುವುದಿಲ್ಲ. ಬಾಡಿಗೆದಾರರ ಸಂಘದ ಕೆಲಸವನ್ನೂ ಈ ಸರಪಳಿಯ ಒಳಗೇ ಬರೆಯಿರಿ, ಕೊನೆಯಲ್ಲಿ ‘ಫಲಿತಾಂಶ ಪ್ರಸಾರ’ ಎಂಬ ಉಪಶೀರ್ಷಿಕೆಯಡಿ ಅಲ್ಲ. ಮಾಪನ ಎಲ್ಲಿ, ಯಾರ ಮನೆಯಲ್ಲಿ, ಯಾವ ಷರತ್ತಿನ ಮೇಲೆ ಎಂಬುದನ್ನು ನಿರ್ಧರಿಸುವವರು ಅವರೇ ತಾನೆ.

ಹೆಜ್ಜೆ 5: ತೀರ್ಮಾನ ಯಾರದು, ದತ್ತಾಂಶ ಯಾರದು

ಅಮೆರಿಕದ ನೀತಿ ತಜ್ಞೆ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು ನಡುವಿನ ಮೆಟ್ಟಿಲುಗಳು. ಅಧಿಕಾರ ನಿಜವಾಗಿ ಹಂಚಿಕೆಯಾಗುವುದು ಮೇಲಿನ ಮೂರರಲ್ಲಿ ಮಾತ್ರ. ನಿಮ್ಮ ಕರಡನ್ನು ಮುಂದಿಟ್ಟುಕೊಂಡು, ಸಮುದಾಯದ ಪಾತ್ರ ಬರುವ ಪ್ರತಿಯೊಂದು ವಾಕ್ಯ ಯಾವ ಮೆಟ್ಟಿಲಿನದು ಎಂದು ಗುರುತು ಹಾಕಿ ನೋಡಿ. ಎಲ್ಲ ಗುರುತೂ ನಡುವಿನಲ್ಲೇ ಬಿದ್ದರೆ ಪ್ರಸ್ತಾವದ ಶೀರ್ಷಿಕೆಯನ್ನಾದರೂ ಬದಲಿಸಿ, ರಚನೆಯನ್ನಾದರೂ ಬದಲಿಸಿ.

ಅರ್ಜಿ ಹಾಕುವ ಮೊದಲೇ ಎರಡು ಮೂರು ಪುಟದ ಒಡಂಬಡಿಕೆ ಆಗಲಿ. ವಕೀಲರ ಭಾಷೆ ಬೇಡ. ಸಭೆ ಎಷ್ಟು ದಿನಕ್ಕೊಮ್ಮೆ, ತೀರ್ಮಾನ ಬಹುಮತದ ಮೇಲೋ ಒಮ್ಮತದ ಮೇಲೋ, ಬಜೆಟ್‌ನಲ್ಲಿ ಬದಲಾವಣೆಗೆ ಯಾರ ಸಹಿ ಬೇಕು, ಮನಸ್ತಾಪವಾದರೆ ಮಧ್ಯಸ್ಥಿಕೆ ಯಾರದು, ಯಾರಾದರೂ ಹೊರಹೋಗಬೇಕೆಂದರೆ ಹೇಗೆ ಎಂಬಿಷ್ಟು ಇದ್ದರೆ ಆಯಿತು. ಪ್ರಕಟಣೆಗೆ ಮೊದಲು ಕರಡನ್ನು ಓದಲು ಸಂಘಕ್ಕೆ ಇಂತಿಷ್ಟು ದಿನ ಎಂದೂ ಸೇರಿಸಿ. ಸಂಶೋಧನೆಯ ಫಲಿತ ಸಂಘಕ್ಕೆ ಅನುಕೂಲವಾಗದಿದ್ದರೆ ಏನು ಮಾಡುವುದು ಎಂಬ ಮುಜುಗರದ ಮಾತನ್ನೂ ಈಗಲೇ ಆಡಿ. ಫಲಿತವನ್ನು ತಡೆಯುವ ಹಕ್ಕು ಯಾರಿಗೂ ಇರಬಾರದು, ಆದರೆ ಅದರ ಜೊತೆಗೆ ತಮ್ಮ ಪ್ರತಿಕ್ರಿಯೆಯನ್ನು ಪ್ರಕಟಿಸುವ ಹಕ್ಕು ಸಂಘಕ್ಕೆ ಇರಲಿ ಎಂಬುದು ನನ್ನ ಅಭಿಪ್ರಾಯ.

ದತ್ತಾಂಶದ ವಿಷಯವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹವಸುಪಾಯ್ ಬುಡಕಟ್ಟಿನ ಪ್ರಕರಣ ಸಾಕ್ಷಿ. ತಮ್ಮಲ್ಲಿ ಹೆಚ್ಚಾಗಿದ್ದ ಮಧುಮೇಹದ ಕಾರಣ ತಿಳಿಯಲೆಂದು ಅವರು 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರಿಗೆ ರಕ್ತದ ಮಾದರಿ ಕೊಟ್ಟರು. ಅದೇ ಮಾದರಿಗಳನ್ನು ಸ್ಕಿಜೋಫ್ರೇನಿಯಾ, ಒಳಸಂಬಂಧಗಳ ಸಂತಾನ, ಪ್ರಾಚೀನ ವಲಸೆಯ ಕುರಿತ ಅಧ್ಯಯನಗಳಿಗೂ ಬಳಸಲಾಯಿತೆಂದು ಅವರಿಗೆ ತಿಳಿದದ್ದು ಬಹಳ ತಡವಾಗಿ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ಮಾದರಿಗಳನ್ನು ಹಿಂದಿರುಗಿಸಿ ರಾಜಿ ಮಾಡಿಕೊಂಡಿತು. ತಮ್ಮ ಮೂಲಕಥೆಯನ್ನೇ ಪ್ರಶ್ನಿಸುವ ಸಂಶೋಧನೆಗೆ ತಮ್ಮ ರಕ್ತವೇ ಬಳಕೆಯಾಯಿತು ಎಂಬ ನೋವಿಗೆ ಯಾವ ಮೊತ್ತವೂ ಪರಿಹಾರವಲ್ಲ.

ಕೆನಡಾದ ಮೂಲನಿವಾಸಿಗಳು 1998ರಲ್ಲಿ ರೂಪಿಸಿದ ‘ಓಕ್ಯಾಪ್’ ತತ್ವಗಳು ತಮ್ಮ ದತ್ತಾಂಶದ ಮೇಲೆ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಎಂಬ ನಾಲ್ಕು ಹಕ್ಕುಗಳನ್ನು ಹೇಳುತ್ತವೆ. ಮೂಲನಿವಾಸಿಗಳ ದತ್ತಾಂಶದ ಕುರಿತ 2019ರ ‘ಕೇರ್’ ತತ್ವಗಳು ಇದನ್ನು ಜಾಗತಿಕ ಮಟ್ಟದಲ್ಲಿ ವಿಸ್ತರಿಸಿದವು. ಮೂಲನಿವಾಸಿಗಳಿಗಾಗಿ ಹುಟ್ಟಿದ ಈ ತತ್ವಗಳಿಂದ ಉಳಿದ ಸಂಶೋಧಕರೂ ಕಲಿಯಬೇಕಾದ್ದು ಬಹಳ. ನಮ್ಮ ಉದಾಹರಣೆಯನ್ನೇ ನೋಡಿ. ಯಾವ ಮನೆ ಎಷ್ಟು ಕಾಯುತ್ತದೆ ಎಂಬ ಪಟ್ಟಿ ಮನೆಮಾಲೀಕರ ಕೈಸೇರಿದರೆ, ದೂರು ಕೊಟ್ಟವರಿಗೆ ಮನೆ ಖಾಲಿ ಮಾಡಿ ಎಂಬ ನೋಟಿಸ್ ಬರಬಹುದು. ಅನುದಾನದ ನಿಯಮ ‘ದತ್ತಾಂಶ ಮುಕ್ತವಾಗಿರಬೇಕು’ ಎನ್ನುತ್ತದೆ ಎಂದಿಟ್ಟುಕೊಳ್ಳಿ. ವಿಳಾಸ ಅಳಿಸಿದರೆ ಸಾಲದು, ಮಹಡಿ ಮತ್ತು ಬೀದಿಯ ವಿವರದಿಂದಲೂ ಮನೆ ಗುರುತಾಗುತ್ತದೆ. ಬಡಾವಣೆಯ ಮಟ್ಟದ ಸರಾಸರಿ ಮಾತ್ರ ಪ್ರಕಟ, ಮನೆ ಮಟ್ಟದ ದಾಖಲೆ ಸಂಘದ ಒಪ್ಪಿಗೆಯಿಲ್ಲದೆ ಯಾರಿಗೂ ಇಲ್ಲ ಎಂದು ದತ್ತಾಂಶ ಯೋಜನೆಯಲ್ಲೇ ಬರೆದು, ವಿನಾಯಿತಿಯನ್ನು ಅರ್ಜಿಯ ಹಂತದಲ್ಲೇ ಕೇಳಿ.

ಹೆಜ್ಜೆ 6: ಬಜೆಟ್

ಖಾಲಿ ಹಾಳೆಯೊಂದಿಗೆ ಎಲ್ಲರೂ ಒಟ್ಟಿಗೆ ಕೂರಿ. ವಿಶ್ವವಿದ್ಯಾಲಯ ಬಜೆಟ್ ಸಿದ್ಧಪಡಿಸಿ, ಉಳಿದದ್ದನ್ನು ಸಂಘಕ್ಕೆ ‘ಇಷ್ಟು ಇಟ್ಟಿದ್ದೇವೆ’ ಎಂದು ತಿಳಿಸುವ ಪದ್ಧತಿಯಲ್ಲಿ ಸಹಭಾಗಿತ್ವ ಅಲ್ಲಿಗೇ ಮುಗಿಯುತ್ತದೆ. ಮೊದಲು ಕೆಲಸಗಳ ಪಟ್ಟಿ, ಆಮೇಲೆ ಆ ಕೆಲಸಕ್ಕೆ ಬೇಕಾದ ಗಂಟೆ, ಕೊನೆಗೆ ಹಣ. ಈ ಕ್ರಮ ತಪ್ಪಬೇಡಿ.

ಗಂಟೆಗಳನ್ನು ಬರೆದು ನೋಡಿದಾಗಷ್ಟೇ ಶ್ರಮದ ಗಾತ್ರ ಕಣ್ಣಿಗೆ ಬೀಳುತ್ತದೆ. ಸಂಘದ ಒಬ್ಬ ಸಂಯೋಜಕರು ಐದು ದಿನದ ವಾರದಲ್ಲಿ ಎರಡು ದಿನ ಈ ಯೋಜನೆಗೆ ದುಡಿಯುತ್ತಾರೆ ಎಂದರೆ ಅದು ಶೇ 40 ಸಂಬಳ. 36 ತಿಂಗಳಿಗೆ ಹದಿನಾಲ್ಕು ತಿಂಗಳಿಗೂ ಮಿಕ್ಕಿದ ಪೂರ್ಣ ಸಂಬಳ. ಇನ್ನು ಸಲಹಾ ಸಮಿತಿಯಲ್ಲಿ 12 ಬಾಡಿಗೆದಾರರು, ವರ್ಷಕ್ಕೆ ಆರು ಸಭೆ, ಪ್ರತಿ ಸಭೆಗೆ ಎರಡು ಗಂಟೆ, ಮೊದಲೇ ಓದಿಕೊಂಡು ಬರಲು ಒಂದು ಗಂಟೆ. ಮೂರು ವರ್ಷಕ್ಕೆ ಇದು 648 ಗಂಟೆ. ಇಷ್ಟು ಗಂಟೆಯ ಕೆಲಸವನ್ನು ವಿಶ್ವವಿದ್ಯಾಲಯದ ಸಹಾಯಕರಿಂದ ಉಚಿತವಾಗಿ ಮಾಡಿಸುವುದನ್ನು ಯಾರೂ ಯೋಚಿಸುವುದಿಲ್ಲ. ಬಾಡಿಗೆದಾರರಿಂದ ಮಾಡಿಸುವಾಗಲೂ ಯೋಚಿಸಬಾರದು.

ಸಂಬಳ, ಗೌರವಧನ ಆದ ಮೇಲೆ ಮರೆತುಹೋಗುವ ಬಾಬ್ತುಗಳಿವೆ. ಸಭೆಗೆ ಬರುವವರ ಪ್ರಯಾಣ, ಆ ಹೊತ್ತು ಮಕ್ಕಳನ್ನು ಅಥವಾ ಹಿರಿಯರನ್ನು ನೋಡಿಕೊಳ್ಳುವ ವೆಚ್ಚ, ಭಾಷಾಂತರ, ಸನ್ನೆಭಾಷೆಯ ನೆರವು, ಊಟ, ಸಂಜೆ ಸಭೆಗೆ ಸಭಾಂಗಣ, ಮೊಬೈಲ್ ಡೇಟಾ. ಸಂವೇದಕ ಉಪಕರಣ ಕೂರಿಸಿದ ಮನೆಯವರಿಗೆ ಅದರ ವಿದ್ಯುತ್ ಖರ್ಚು. ಸಂಘದ ನೌಕರರಿಗೆ ಸಂಶೋಧನಾ ತರಬೇತಿ, ಹಾಗೆಯೇ ಸಂಶೋಧಕರಿಗೆ ಸಂಘದವರು ಕೊಡುವ ತರಬೇತಿಗೂ ಶುಲ್ಕ. ಲೆಕ್ಕಪರಿಶೋಧನೆ ಮತ್ತು ವರದಿ ಬರೆಯುವ ಸಮಯ. ಜನರಿಗೆ ಅರ್ಥವಾಗುವಂತೆ ಫಲಿತಾಂಶ ಮುಟ್ಟಿಸುವ ವೆಚ್ಚ.

ಗೌರವಧನ ಕೊಡುವ ಮೊದಲು ಒಂದು ಎಚ್ಚರಿಕೆ. ಸರ್ಕಾರದ ಸಹಾಯಧನದ ಮೇಲೆ ಬದುಕುವವರಿಗೆ ಹೊರಗಿನ ಸಣ್ಣ ಆದಾಯವೂ ತೊಡಕಾಗಬಹುದು, ಸಹಾಯಧನ ಕಡಿತವಾಗಬಹುದು. ತೆರಿಗೆಯ ಪ್ರಶ್ನೆಯೂ ಇದೆ. ಹಣ, ವೋಚರ್, ಖರ್ಚು ಮರುಪಾವತಿ ಇವುಗಳಲ್ಲಿ ಯಾವುದು ಬೇಕೆಂದು ಅವರವರೇ ಆರಿಸಿಕೊಳ್ಳಲಿ. ವಿಶ್ವವಿದ್ಯಾಲಯದ ಹಣಕಾಸು ವಿಭಾಗ ಬ್ಯಾಂಕ್ ಖಾತೆ ಇಲ್ಲದವರಿಗೆ ಪಾವತಿ ಮಾಡಬಲ್ಲುದೇ, ಎಷ್ಟು ದಿನ ಹಿಡಿಯುತ್ತದೆ ಎಂದು ಅರ್ಜಿಗೆ ಮೊದಲೇ ವಿಚಾರಿಸಿ. ದಿನಗೂಲಿ ಬಿಟ್ಟು ಬಂದವರಿಗೆ ಎರಡು ತಿಂಗಳ ನಂತರ ಬರುವ ಹಣದಿಂದ ಆ ವಾರದ ಖರ್ಚು ನಡೆಯುವುದಿಲ್ಲ.

ಇನ್ನು ಪರೋಕ್ಷ ವೆಚ್ಚ, ಅಂದರೆ ಓವರ್‌ಹೆಡ್. ಕಟ್ಟಡ, ಲೆಕ್ಕಪತ್ರ, ಆಡಳಿತಕ್ಕೆಂದು ವಿಶ್ವವಿದ್ಯಾಲಯ ಪಾಲು ತೆಗೆದುಕೊಳ್ಳುತ್ತದೆ. ಸಂಘಕ್ಕೂ ಅದೇ ಖರ್ಚುಗಳಿವೆ, ಅದಕ್ಕೂ ಪಾಲು ಬೇಕು. ಹೊರೈಜನ್ ಯುರೋಪ್‌ನ ಸಾಮಾನ್ಯ ಅನುದಾನಗಳಲ್ಲಿ ವಿಶ್ವವಿದ್ಯಾಲಯವಾಗಲಿ ಸಂಘಟನೆಯಾಗಲಿ ಅರ್ಹ ನೇರ ವೆಚ್ಚದ ಮೇಲೆ ಶೇ 25ರ ಒಂದೇ ದರ ಅನ್ವಯಿಸುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಅನುದಾನಗಳಲ್ಲಿ, ಮಾತುಕತೆಯಿಂದ ನಿಗದಿಯಾದ ಸ್ವಂತ ದರವಿಲ್ಲದ ಸಂಸ್ಥೆಗಳು ಪಡೆಯಬಹುದಾದ ದರದ ಮಿತಿ 2024ರ ಅಕ್ಟೋಬರ್‌ನಿಂದ ಶೇ 10ರಿಂದ ಶೇ 15ಕ್ಕೆ ಏರಿದೆ. ಇದು ಗೊತ್ತಿಲ್ಲದೆ ಸಣ್ಣ ಸಂಘಟನೆಗಳು ಓವರ್‌ಹೆಡ್ ಕೇಳದೆಯೇ ಸಹಿ ಹಾಕಿಬಿಡುತ್ತವೆ. ಮುಖ್ಯ ಸಂಶೋಧಕರಾದ ನೀವೇ ಅವರಿಗೆ ಹೇಳಬೇಕು.

ಹಣ ಹೋಗುವ ದಾರಿಯೂ ಮುಖ್ಯ. ಸಂಘಕ್ಕೆ ಉಪ ಅನುದಾನ ಕೊಟ್ಟರೆ ತನ್ನ ಪಾಲಿನ ಖರ್ಚನ್ನು ಅದೇ ನಿರ್ಧರಿಸಬಹುದು, ಅದರ ಜೊತೆ ಆಡಿಟ್‌ನ ಹೊಣೆಯೂ ಬರುತ್ತದೆ. ಸೇವಾ ಗುತ್ತಿಗೆಯಾದರೆ ಕಾಗದಪತ್ರ ಕಡಿಮೆ, ಸ್ವಾತಂತ್ರ್ಯವೂ ಕಡಿಮೆ. ಆಡಿಟ್ ನಿಭಾಯಿಸಲಾಗದ ಬಹಳ ಚಿಕ್ಕ ಗುಂಪಾದರೆ ಅವರ ನಂಬಿಕೆಯ ದೊಡ್ಡ ಸಂಘಟನೆಯೊಂದು ಹಣ ಹಿಡಿದುಕೊಳ್ಳುವ ವ್ಯವಸ್ಥೆ ಮಾಡಬಹುದು. ಯಾವ ದಾರಿಯಾದರೂ, ‘ಮೊದಲು ಖರ್ಚು ಮಾಡಿ, ಆಮೇಲೆ ಮರುಪಾವತಿ’ ಎಂಬ ಷರತ್ತನ್ನು ಸಣ್ಣ ಸಂಘಟನೆಯ ಮೇಲೆ ಹೇರಬೇಡಿ. ಅನುದಾನ ಸಂಸ್ಥೆ ಮುಂಗಡ ಕೊಡದಿದ್ದರೆ ವಿಶ್ವವಿದ್ಯಾಲಯ ತನ್ನ ನಿಧಿಯಿಂದ ಕೊಡಲಿ. ನಗದಿನ ತಾತ್ಕಾಲಿಕ ಕೊರತೆಯನ್ನು ದೊಡ್ಡ ಸಂಸ್ಥೆ ತಡೆದುಕೊಳ್ಳುತ್ತದೆ, ಮೂರು ನೌಕರರ ಸಂಘ ಸಂಬಳ ನಿಲ್ಲಿಸಬೇಕಾಗುತ್ತದೆ.

ಕೊಡುಗೆಯ ಪಾಲು ಕೇಳುವ ಅನುದಾನಗಳಲ್ಲಿ ಇನ್ನೊಂದು ಇಕ್ಕಟ್ಟು. ಮೇಲೆ ಹೇಳಿದ ಕೆನಡಾದ ದೊಡ್ಡ ಅನುದಾನ, ತಾನು ಕೊಡುವ ಮೊತ್ತದ ಕನಿಷ್ಠ ಶೇ 35ರಷ್ಟನ್ನು ಹಣ ಅಥವಾ ಶ್ರಮದ ರೂಪದಲ್ಲಿ ಬೇರೆ ಕಡೆಯಿಂದ ತರಬೇಕೆನ್ನುತ್ತದೆ. ಶ್ರಮದ ಮೌಲ್ಯ ಕಟ್ಟುವಾಗ ಪ್ರಾಧ್ಯಾಪಕರ ಗಂಟೆಗೆ ಹೆಚ್ಚು, ಸಮುದಾಯದ ಹಿರಿಯರ ಗಂಟೆಗೆ ಕಡಿಮೆ ಎಂದು ಹಾಕುವ ಮೊದಲು ಒಮ್ಮೆ ನಿಂತು ಯೋಚಿಸಿ. ಶೇ 35ರ ಬಹುಪಾಲನ್ನು ವಿಶ್ವವಿದ್ಯಾಲಯವೇ ಹೊರಲಿ. ಹಣಕ್ಕೆ ತಡಕಾಡುವ ಸಂಘಟನೆಯ ಉಚಿತ ದುಡಿಮೆಯನ್ನು ‘ಕೊಡುಗೆ’ ಎಂದು ಬರೆದು ಅರ್ಹತೆ ಗಳಿಸುವುದು ಸರಿಯಲ್ಲ.

ಹೆಜ್ಜೆ 7: ಬರವಣಿಗೆ

ಮೊದಲ ಅರ್ಧ ಪುಟದಲ್ಲಿ ಸಮಸ್ಯೆ, ಅದು ಯಾರದು, ಅವರು ಅದನ್ನು ಹೇಗೆ ಎತ್ತಿದರು, ನೀವೆಲ್ಲ ಸೇರಿ ಏನು ಕಂಡುಹಿಡಿಯುತ್ತೀರಿ ಎಂಬುದು ಬರಲಿ. ಸಾಹಿತ್ಯ ಸಮೀಕ್ಷೆ ಆಮೇಲೆ. ಪರಿಭಾಷೆಯನ್ನು ಆದಷ್ಟು ಬಿಡಿ. ಮೂರೂ ವಿಭಾಗದವರಿಗೆ ಮತ್ತು ಸಂಘದ ಸಂಯೋಜಕರಿಗೆ ಓದಿ ಅರ್ಥವಾಗದ ವಾಕ್ಯ ಪರಿಶೀಲಕರಿಗೂ ಅರ್ಥವಾಗುವುದು ಅನುಮಾನ.

ವೇಳಾಪಟ್ಟಿಯಲ್ಲಿ ಮೊದಲ ಮೂರು ನಾಲ್ಕು ತಿಂಗಳನ್ನು ಒಪ್ಪಂದ, ನೇಮಕ, ತರಬೇತಿಗೆ ಬಿಡಿ. ಮೊದಲ ತಿಂಗಳಲ್ಲೇ ದತ್ತಾಂಶ ಸಂಗ್ರಹ ಎಂದು ಬರೆದಿರುವ ಅರ್ಜಿಯನ್ನು ಅನುಭವಿ ಪರಿಶೀಲಕರು ನಂಬುವುದಿಲ್ಲ. ಸಮುದಾಯದ ಸಹ ಸಂಶೋಧಕರ ಪರಿಚಯ ಪುಟದಲ್ಲಿ ಪದವಿಯ ಕಾಲಂ ಖಾಲಿ ಬಿಡದೆ, ಅವರು ನಡೆಸಿದ ಸಮೀಕ್ಷೆ, ಗೆದ್ದ ಪ್ರಕರಣ, ಸಂಘಟಿಸಿದ ಸಭೆಗಳನ್ನು ಬರೆಯಿರಿ.

ಬೆಂಬಲ ಪತ್ರಗಳ ಬಗ್ಗೆ ಎರಡು ಮಾತು. ಒಂದೇ ಕರಡನ್ನು ಎಲ್ಲ ಪಾಲುದಾರರಿಗೂ ಕಳಿಸಿ ಸಹಿ ಹಾಕಿಸಿದರೆ ಪರಿಶೀಲಕರಿಗೆ ತಕ್ಷಣ ತಿಳಿಯುತ್ತದೆ. ಸಂಘದವರಿಗೆ ಕೇವಲ ಪ್ರಶ್ನೆಗಳನ್ನು ಕೊಡಿ: ಈ ಕೆಲಸ ನಿಮಗೇಕೆ ಬೇಕು, ನೀವು ಏನು ಮಾಡುತ್ತೀರಿ, ಯಾರು ಮಾಡುತ್ತಾರೆ, ಎಷ್ಟು ಸಮಯ, ಈ ಪ್ರಸ್ತಾವದಲ್ಲಿ ನಿಮ್ಮಿಂದ ಬದಲಾದದ್ದು ಏನು. ಕೊನೆಯ ಪ್ರಶ್ನೆಗೆ ‘ಹಗಲಿನ ಬದಲು ರಾತ್ರಿ ಅಳೆಯಬೇಕೆಂದು ಹೇಳಿದವರು ನಾವು’ ಎಂದು ಅವರದೇ ಮಾತಿನಲ್ಲಿ ಬಂದರೆ ಅದಕ್ಕಿಂತ ಬಲವಾದ ಪತ್ರ ಬೇರೆ ಇಲ್ಲ.

ಹೆಜ್ಜೆ 8: ನೈತಿಕ ಅನುಮೋದನೆ

ಮನುಷ್ಯರನ್ನು ಒಳಗೊಂಡ ಸಂಶೋಧನೆಯ ನೈತಿಕತೆ ಕುರಿತು ಅಮೆರಿಕದಲ್ಲಿ ಬಂದ 1979ರ ಬೆಲ್ಮಾಂಟ್ ವರದಿಯ ಪ್ರಭಾವದಲ್ಲಿ ಬೆಳೆದ ನೈತಿಕ ಸಮಿತಿಗಳು ಮುಖ್ಯವಾಗಿ ನೋಡುವುದು ವ್ಯಕ್ತಿಯ ಒಪ್ಪಿಗೆ ಮತ್ತು ವ್ಯಕ್ತಿಗೆ ಆಗಬಹುದಾದ ಹಾನಿಯನ್ನು. ಇಡೀ ಬಡಾವಣೆಗೆ ಕೆಟ್ಟ ಹೆಸರು ಬರುವಂತಹ ಸಾಮೂಹಿಕ ಹಾನಿ ಅವರ ಅರ್ಜಿ ನಮೂನೆಯಲ್ಲಿ ಇಲ್ಲದೆಯೂ ಇರಬಹುದು, ನೀವೇ ಸೇರಿಸಿ ಬರೆಯಬೇಕು. ಕೆಲವು ಸಮುದಾಯಗಳಿಗೆ ತಮ್ಮದೇ ನಿಯಮಾವಳಿ ಇದೆ. ದಕ್ಷಿಣ ಆಫ್ರಿಕಾದ ಸಾನ್ ಜನರು 2017ರಲ್ಲಿ ಸಂಶೋಧಕರಿಗಾಗಿ ತಮ್ಮದೇ ನೀತಿಸಂಹಿತೆ ಹೊರಡಿಸಿದರು. ಅಂಥಲ್ಲಿ ಎರಡೂ ಅನುಮೋದನೆ ಬೇಕು, ಎರಡಕ್ಕೂ ಸಮಯ ಇಡಬೇಕು. ಸಮುದಾಯದ ಜೊತೆ ಸೇರಿ ಪ್ರಶ್ನಾವಳಿ ರೂಪಿಸುವ ಯೋಜನೆಯಲ್ಲಿ ಅದು ಮೊದಲೇ ಸಿದ್ಧವಿರುವುದಿಲ್ಲ. ಹಾಗಾಗಿ ಹಂತಹಂತವಾಗಿ ಅನುಮೋದನೆ ಕೇಳಿ: ಮೊದಲು ಒಟ್ಟಾರೆ ವಿಧಾನಕ್ಕೆ, ಆಮೇಲೆ ಒಂದೊಂದು ಸಾಧನಕ್ಕೆ.

ಹೆಜ್ಜೆ 9: ಮಂಜೂರಾತಿ ಪತ್ರ ಬಂದ ಮೇಲೆ

ಮಂಜೂರಾತಿಗೂ ಹಣ ಕೈಸೇರುವುದಕ್ಕೂ ನಡುವೆ ಒಪ್ಪಂದದ ಹಂತವಿದೆ. ಸಣ್ಣ ಸಂಘಟನೆಗಳು ಸಿಕ್ಕಿಬೀಳುವುದು ಇಲ್ಲಿ. ವಿಶ್ವವಿದ್ಯಾಲಯದ ಮಾದರಿ ಒಪ್ಪಂದದಲ್ಲಿ ದೊಡ್ಡ ಮೊತ್ತದ ವಿಮೆ ಕೇಳಿರಬಹುದು, ಎಲ್ಲ ನಷ್ಟದ ಹೊಣೆಯನ್ನೂ ಸಂಘದ ಮೇಲೆ ಹಾಕಿರಬಹುದು, ಬೌದ್ಧಿಕ ಆಸ್ತಿಯೆಲ್ಲ ವಿಶ್ವವಿದ್ಯಾಲಯದ್ದು ಎಂದಿರಬಹುದು. ಒಡಂಬಡಿಕೆಯಲ್ಲಿ ನೀವು ಕೊಟ್ಟ ಮಾತಿಗೆ ಇದು ವಿರುದ್ಧವಾದರೆ ತಿದ್ದಿಸುವ ಜವಾಬ್ದಾರಿ ಮುಖ್ಯ ಸಂಶೋಧಕರದು. ಸಹಿಯಾಗುವ ತನಕ ಸಂಘ ಯಾರನ್ನೂ ನೇಮಿಸಿಕೊಳ್ಳದಿರಲಿ ಎಂದು ಸ್ಪಷ್ಟವಾಗಿ ತಿಳಿಸಿ.

ಲೇಖಕತ್ವದ ಮಾತನ್ನು ಮೊದಲ ಸಭೆಯಲ್ಲೇ ಎತ್ತಿ. ‘ಕ್ರೆಡಿಟ್’ ಎಂಬ ವರ್ಗೀಕರಣ ಪರಿಕಲ್ಪನೆ, ವಿಧಾನ, ಸಂಪನ್ಮೂಲ, ಮೇಲ್ವಿಚಾರಣೆ ಮುಂತಾಗಿ 14 ಬಗೆಯ ಕೊಡುಗೆಗಳನ್ನು ಗುರುತಿಸುತ್ತದೆ. ಅದನ್ನು ಮುಂದಿಟ್ಟುಕೊಂಡರೆ ಸಂಘದವರ ಕೆಲಸ ಎಲ್ಲಿ ಬರುತ್ತದೆ ಎಂದು ತೋರಿಸುವುದು ಸುಲಭ. ಆದರೆ ಕೆಲವು ವೈದ್ಯಕೀಯ ಪತ್ರಿಕೆಗಳು ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲ್ಗೊಂಡವರನ್ನೇ ಲೇಖಕರೆಂದು ಒಪ್ಪುತ್ತವೆ. ಹಾಗಿದ್ದಲ್ಲಿ ಕರಡನ್ನು ಸಂಘದ ಜೊತೆ ಕೂತು ಓದಿ ತಿದ್ದುವ ಸಭೆಗಳನ್ನು ಬಜೆಟ್‌ನಲ್ಲೇ ಸೇರಿಸಿರಬೇಕು.

ಪ್ರಬಂಧ ಅಚ್ಚಾಗುವವರೆಗೆ ಜನರನ್ನು ಕಾಯಿಸಬೇಡಿ. ತಮ್ಮ ಮನೆಯ ತಾಪಮಾನದ ದಾಖಲೆ ಆಯಾ ಮನೆಯವರಿಗೆ ಅದೇ ಬೇಸಿಗೆಯಲ್ಲಿ ಸಿಗಲಿ.

ಹೆಜ್ಜೆ 10: ತಿರಸ್ಕೃತವಾದರೆ, ಅಥವಾ ಕೇಳಿದ್ದಕ್ಕಿಂತ ಕಡಿಮೆ ಬಂದರೆ

ತಿರಸ್ಕಾರದ ಸುದ್ದಿಯನ್ನೂ ಪರಿಶೀಲಕರ ಟಿಪ್ಪಣಿಯನ್ನೂ ಸಂಘಕ್ಕೆ ಅದೇ ದಿನ ತಿಳಿಸಿ. ಟಿಪ್ಪಣಿಯ ಭಾಷೆ ಕಠಿಣವಾಗಿದ್ದರೆ ಕೂತು ಬಿಡಿಸಿ ಹೇಳಿ. ಅರ್ಜಿ ಸಿದ್ಧಪಡಿಸಲು ಅವರು ಕಳೆದ ಸಮಯಕ್ಕೆ ವಿಭಾಗದ ಬೀಜಧನದಿಂದ ಏನಾದರೂ ಕೊಡಲು ಸಾಧ್ಯವಾದರೆ ಕೊಡಿ. ಮತ್ತೆ ಅರ್ಜಿ ಹಾಕುವುದಾದರೆ ಅವರು ಈಗಲೂ ಬರುತ್ತಾರೆಯೇ ಎಂದು ಹೊಸದಾಗಿ ಕೇಳಿ, ಒಪ್ಪಿದ್ದಾರೆ ಎಂದುಕೊಂಡು ಮುಂದುವರಿಯಬೇಡಿ.

ಕೇಳಿದ್ದಕ್ಕಿಂತ ಶೇ 20 ಕಡಿಮೆ ಮಂಜೂರಾಯಿತು ಎಂಬುದು ಇನ್ನೂ ಕಷ್ಟದ ಸಂದರ್ಭ. ಅನುದಾನ ಸಂಸ್ಥೆ ಪರಿಷ್ಕೃತ ಬಜೆಟ್‌ಗೆ ಕೆಲವೇ ದಿನ ಕೊಡುತ್ತದೆ, ಆತುರದಲ್ಲಿ ಮೊದಲು ಕತ್ತರಿ ಬೀಳುವುದು ಗೌರವಧನ, ಪ್ರಯಾಣ, ಭಾಷಾಂತರದ ಸಾಲುಗಳಿಗೆ. ಹಾಗಾಗದಂತೆ ಅರ್ಜಿ ಸಲ್ಲಿಸುವ ಮೊದಲೇ ಕಡಿತದ ಕ್ರಮವನ್ನು ಒಟ್ಟಿಗೆ ಬರೆದಿಟ್ಟು ಸಹಿ ಹಾಕಿ: ಮೊದಲು ಯಾವ ಉಪಕರಣ, ಆಮೇಲೆ ಯಾವ ಸಮ್ಮೇಳನ ಪ್ರಯಾಣ, ಆಮೇಲೆ ಎಷ್ಟು ಮನೆಗಳ ಮಾಪನ. ಸಂವೇದಕಗಳನ್ನು 60 ಮನೆಯ ಬದಲು 45 ಮನೆಯಲ್ಲಿ ಕೂರಿಸಿದರೆ ಫಲಿತದ ನಿಖರತೆ ಸ್ವಲ್ಪ ತಗ್ಗುತ್ತದೆ. ಸಂಯೋಜಕರ ಎರಡು ದಿನವನ್ನು ಅರ್ಧ ದಿನಕ್ಕೆ ಇಳಿಸಿದರೆ ಆ 45 ಮನೆಗಳ ಬಾಗಿಲೂ ತೆರೆಯುವುದಿಲ್ಲ.